ಸಣ್ಣ ಉಂಗುರ ಹೇಳಿದ ಮಾತು

ಬಡಗಿ ಬಾಗಿಲು ತಟ್ಟಲಿಲ್ಲ. ಚಿಲಕದ ಪಕ್ಕಕ್ಕೆ ಬಾಚಿಯಿಂದ ಮೂರು ಏಟು ಹಾಕಿದ. ನಾಲ್ಕನೆಯದಕ್ಕೆ ಬಾಗಿಲು ಚೌಕಟ್ಟಿನಿಂದ ಕಿತ್ತು ಒಳಕ್ಕೆ ಬಿತ್ತು.

ಬೆಳಿಗ್ಗೆ ಹನ್ನೊಂದು ಗಂಟೆ. ಪ್ರಯೋಗಾಲಯದೊಳಗೆ ಇದ್ದವಳು ಒಬ್ಬಳೇ, ಅಳತೆಯ ಎಂಜಿನಿಯರ್. ಆ ಕಟ್ಟಡದಲ್ಲಿ ದೊಡ್ಡವರು ಚಿಕ್ಕವರೆನ್ನದೆ ಎಲ್ಲರೂ ಅವಳನ್ನು ಕರೆಯುವುದು ಅಕ್ಕ ಎಂದೇ. ಗಾಳಿಯಾಡಿದರೆ ಅಳತೆ ಕೆಡುತ್ತದೆಂದು ಬಾಗಿಲು ಹಾಕಿಕೊಂಡು ಕೆಲಸ ಮಾಡುವುದು ಅವಳ ರೂಢಿ. ಕೈಯಲ್ಲಿದ್ದ ಪಿಪೆಟ್ ಹಾಗೇ ಹಿಡಿದು ತಿರುಗಿ ನೋಡಿದಳು. ಮೈಮೇಲೆಲ್ಲ ಮರದ ಹೊಟ್ಟು, ಮೂರು ದಿನದ ಗಡ್ಡ, ಕೆಂಡದಂಥ ಕಣ್ಣು. ಎಂದೂ ನೋಡದ ಮನುಷ್ಯ.

"ಮದ್ಯಕ್ಕೆ ಮುದ್ರೆ ಹಾಕೋಳು ನೀನೇನಾ?"

"ಯಾರು ನೀವು? ಏನು ಬೇಕು?"

"ಕೇಳಿದ್ದಕ್ಕೆ ಹೇಳು. ನೀನೇನಾ?"

"ಹೌದು. ನಾನೇ."

ಅಷ್ಟು ಸಾಕಾಯಿತು. ಬಾಚಿ ಬೀಸತೊಡಗಿದ. ಮೊದಲು ಗಾಜಿನ ಬೀರು ಹೋಯಿತು, ಆಮೇಲೆ ಅದರೊಳಗಿನ ಸೀಸೆಗಳು, ಆಮೇಲೆ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದ ಹಸಿರು ಹಲಗೆಗಳು. ಒಂದೊಂದೂ ಅಂಗೈಯಗಲದ್ದು, ಒಂದೊಂದರ ಮೇಲೂ ಬಾಯಿ ಬಿಟ್ಟ ಒಂದು ತಾಮ್ರದ ಉಂಗುರ. ಆರು ವರ್ಷದ ದುಡಿಮೆ ಆರು ಏಟಿಗೆ ಚೂರುಚೂರಾಯಿತು. ಅಳತೆಯ ಯಂತ್ರ ಮೇಜಿನಿಂದ ಜಾರುವುದನ್ನು ಕಂಡು ಅವಳು ಹಿಡಿಯಲು ಕೈ ಚಾಚಿದಳು. ಅವನು ಆ ಕೈಯನ್ನೇ ಹಿಡಿದ. ಮಣಿಕಟ್ಟನ್ನು ತಿರುಚಿ ಮೇಜಿಗೆ ಒತ್ತಿದ.

"ಈ ಕೈನಲ್ಲೇ ತಾನೆ ಸಹಿ ಹಾಕಿದ್ದು?"

ಬಾಚಿಯ ಹಿಂಬದಿ ಕೆಳಗಿಳಿಯಿತು. ಸದ್ದು ಮೊದಲು ಕೇಳಿಸಿತು, ನೋವು ಆಮೇಲೆ ಬಂತು. ನಡುವಿನ ಬೆರಳೂ ಅದರ ಪಕ್ಕದ್ದೂ ಎಂದೂ ಬಾಗದ ದಿಕ್ಕಿಗೆ ಬಾಗಿದ್ದವು.

"ನನ್ ತಮ್ಮ ಸತ್ತ," ಎಂದ ಬಡಗಿ. ದನಿ ಈಗ ಇಳಿದಿತ್ತು, ಮೇಜಿಗೆ ಹೇಳುವ ಹಾಗೆ. "ಕೆಲಸ ಸಿಕ್ತು ಅಂತ ಕುಣೀತಾ ಬಂದ. ನಾನೇ ಬಾಟಲಿ ತಂದುಕೊಟ್ಟೆ. ನಾನು ಕುಡಿಯೋನಲ್ಲ, ನನಗೇನು ಗೊತ್ತು. ಅಂಗಡೀಲಿ ಹತ್ತು ಥರ ಇಟ್ಟಿದ್ರು. ಪರೀಕ್ಷೆ ಆಗಿದೆ ಅಂತ ಮುದ್ರೆ ಇತ್ತಲ್ಲ, ಅದನ್ನೇ ಆರಿಸಿ ತಂದೆ. ಬೆಳಿಗ್ಗೆ ಎದ್ದೋನು, ಅಣ್ಣಾ, ಎಲ್ಲಾ ಬೆಳ್ಳಗೆ ಕಾಣ್ತಿದೆ ಅಂದ. ಮಧ್ಯಾಹ್ನಕ್ಕೆ ಹೋಗೇಬಿಟ್ಟ."

ಕಾವಲಿನವರು ಓಡಿಬಂದು ಅವನನ್ನು ನೆಲಕ್ಕೆ ಕೆಡವಿ ಬೆನ್ನ ಮೇಲೆ ಮೊಣಕಾಲಿಟ್ಟರು. ಅವನು ಮಿಸುಕಲೂ ಇಲ್ಲ.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಬೆರಳುಗಳನ್ನು ಎಳೆದು ಕೂರಿಸಿ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಅದೇ ಆಸ್ಪತ್ರೆಯ ಕೆಳಗಿನ ವಾರ್ಡಿನಲ್ಲಿ ಹದಿನಾಲ್ಕು ಜನ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ಒಂಬತ್ತು ಜನ ಆಗಲೇ ಸತ್ತಿದ್ದರು. ಎಲ್ಲರೂ ಕುಡಿದದ್ದು ಒಂದೇ ದಾಸ್ತಾನಿನ ಮದ್ಯ. ಆ ದಾಸ್ತಾನಿನ ಒಂದೊಂದು ಡ್ರಮ್ಮಿನ ಮಾದರಿಯನ್ನೂ ಹದಿನೈದು ದಿನದ ಹಿಂದೆ ಪರೀಕ್ಷಿಸಿ ಸಹಿ ಹಾಕಿದವಳು ಅಕ್ಕ.

ಪೊಲೀಸರು ದೂರು ಬರೆಸಿಕೊಳ್ಳಲು ಬಂದರೆ ಅವಳು ಈಗ ಬೇಡ ಎಂದಳು. ಅವರು ಬಡಗಿಯನ್ನು ಬಿಟ್ಟುಕಳುಹಿಸಿದರು. ಅವಳು ಎಡಗೈಯಲ್ಲಿ ಫೋನು ಹಿಡಿದು ಹಳೆಯ ಅಳತೆಗಳನ್ನು ತೆರೆದಳು.

ಆ ಹಲಗೆಯ ಕೆಲಸ ಹೇಳಲು ಸುಲಭ. ತಾಮ್ರದ ಉಂಗುರಕ್ಕೆ ಮೈಕ್ರೋವೇವ್ ಹಾಯಿಸಿದರೆ ಅದು ತನ್ನದೇ ಒಂದು ಶ್ರುತಿಯಲ್ಲಿ ಮಿಡಿಯುತ್ತದೆ. ಉಂಗುರದ ಬಾಯಿಗೆ ಒಂದು ಹನಿ ಬಿಟ್ಟರೆ ಶ್ರುತಿ ಇಳಿಯುತ್ತದೆ. ಎಷ್ಟು ಇಳಿಯಿತೆಂದು ನೋಡಿದರೆ ಹನಿಯಲ್ಲಿ ಏನಿದೆ ಎಂದು ತಿಳಿಯುತ್ತದೆ. ಆದರೆ ಮಿಡಿತದ ಬಲವೆಲ್ಲ ಹಲಗೆಯೊಳಗೇ ಇಂಗಿಹೋಗುತ್ತದೆ, ಹನಿಗೆ ತಾಗುವುದು ಅಂಚಿನಲ್ಲಿ ತುಳುಕಿದ ಚೂರುಪಾರು ಮಾತ್ರ. ಸಾಲದ್ದಕ್ಕೆ, ಸ್ಪಿರಿಟ್ಟಿಗೆ ನೀರು ಬೆರೆತರೂ ಶ್ರುತಿ ಇಳಿಯುತ್ತದೆ, ವಿಷದ ಮೆಥನಾಲ್ ಬೆರೆತರೂ ಇಳಿಯುತ್ತದೆ, ಕೋಣೆಯ ಶಾಖ ಎರಡು ಡಿಗ್ರಿ ಏರಿದರೂ ಅಲುಗಾಡುತ್ತದೆ. ಅಂದು ಹನ್ನೆರಡು ಡ್ರಮ್ಮುಗಳ ಮಾದರಿಯಲ್ಲಿ ಶ್ರುತಿ ಒಂದು ಕೂದಲೆಳೆಯಷ್ಟು ಹೆಚ್ಚು ಇಳಿದಿತ್ತು. ಅವಳ ಕೈಬರಹದಲ್ಲೇ ಇತ್ತು: 'ನೀರಿನಂಶ, ಮಿತಿಯೊಳಗೆ.'

ಅದನ್ನು ಮೂರು ಸಲ ಓದಿದಳು.

ಅವಳ ತಮ್ಮ ಬಂದದ್ದು ಆಗಲೇ. ಆರಡಿ ಎರಡಂಗುಲ, ಕಂಬದಂಥ ಕತ್ತು. ಆದರೂ ಮನೆಯಲ್ಲಿ ಅವನು ಮರಿಯೇ. ಆ ಊರಿಗೆ ಸ್ಪಿರಿಟ್ ಹೊತ್ತು ತರುವ ಮೂರು ಟ್ಯಾಂಕರುಗಳಲ್ಲಿ ಒಂದರ ಚಾಲಕ. ಅಕ್ಕನ ಕೈ ನೋಡಿ ಅವನ ಮುಖ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

"ಯಾರಕ್ಕಾ?"

"ಬೇಡ ಮರಿ. ತಪ್ಪು ನಂದು."

"ತಪ್ಪು ಯಾರದ್ದೋ ಆಗ್ಲಿ. ಕೈ ಮುರಿದವನು ಯಾರು ಅಂತ ಕೇಳಿದ್ದು ನಾನು."

ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಕಾವಲಿನವರೆಲ್ಲ ಅವನ ಸ್ನೇಹಿತರೇ. ಮರುದಿನ ಬೆಳಿಗ್ಗೆ ಮರಿ ಬಡಗಿಯ ಅಂಗಡಿಗೆ ಹೋದ. ಬಡಗಿ ಕುರ್ಚಿಯ ಕಾಲು ಉಜ್ಜುತ್ತ ಕೂತಿದ್ದ. ಮರಿ ಆ ಕಾಲನ್ನೇ ಕಿತ್ತುಕೊಂಡು ಅವನ ಪಕ್ಕೆಗೆ ಬಾರಿಸಿದ. ಬಿದ್ದವನ ಕೂದಲು ಹಿಡಿದೆತ್ತಿ ಮುಖವನ್ನು ಕೆಲಸದ ಮೇಜಿನ ಅಂಚಿಗೆ ಎರಡು ಸಲ ಅಪ್ಪಳಿಸಿದ. ಬೀದಿಯ ಜನ ಸೇರುವಷ್ಟರಲ್ಲಿ ಮರದ ಹೊಟ್ಟಿನ ಮೇಲೆ ಮೂರು ಹಲ್ಲು ಬಿದ್ದಿದ್ದವು.

ಮನೆಗೆ ಬಂದು ನಲ್ಲಿಯ ಕೆಳಗೆ ಕೈ ತೊಳೆಯುತ್ತ ಮರಿ ನಕ್ಕ. "ಇನ್ಮೇಲೆ ಅವನು ಗಂಜಿ ಕುಡ್ಕೊಂಡೇ ಇರ್ಬೇಕು ಕಣಕ್ಕಾ."

ಅಕ್ಕ ಎಡಗೈ ಎತ್ತಿ ಅವನ ಕೆನ್ನೆಗೆ ಹೊಡೆದಳು. ಎಡಗೈ ಏಟು, ಬಲವಿರಲಿಲ್ಲ. ಆದರೂ ಅಡಿಗೆಮನೆಯಲ್ಲಿದ್ದ ಅಮ್ಮನ ಕೈಯಿಂದ ಸೌಟು ಬಿತ್ತು. ಮೂವತ್ತು ವರ್ಷದಲ್ಲಿ ಅವಳು ತಮ್ಮನ ಮೇಲೆ ಕೈ ಎತ್ತಿದ್ದು ಅದೇ ಮೊದಲು.

"ಅವನ ತಮ್ಮ ಸತ್ತಿದಾನೆ ಕಣೋ," ಎಂದಳು. "ನನ್ನ ಸಹಿ ನಂಬಿ ಸತ್ತಿದಾನೆ."

ಅಂದು ಮಧ್ಯಾಹ್ನ ಇನ್ಸ್‌ಪೆಕ್ಟರ್ ಫೋನು ಮಾಡಿದ. ಮದ್ಯದ ದಾಸ್ತಾನು ಮಳಿಗೆಯ ಮುಂದೆ ಇನ್ನೂರು ಜನ ಸೇರಿ ಬೆಂಕಿ ಹಚ್ಚುತ್ತೇವೆ ಎನ್ನುತ್ತಿದ್ದಾರೆ. ಗೋಡೆಗೆ ಗೋಡೆ ತಾಗಿಕೊಂಡು ಮನೆಗಳಿವೆ. ಒಳಗಿರುವುದು ನಲವತ್ತೈದು ಡ್ರಮ್ ಸ್ಪಿರಿಟ್. ಹೊತ್ತಿದರೆ ಬೀದಿಗೆ ಬೀದಿಯೇ ಹೋಗುತ್ತದೆ. ಸರ್ಕಾರದ ದೊಡ್ಡ ಪ್ರಯೋಗಾಲಯದ ವರದಿ ಬರಲು ಹತ್ತು ದಿನ ಬೇಕಂತೆ. "ಹತ್ತು ದಿನ ಇವರನ್ನ ತಡೆಯೋಕೆ ನನ್ನ ಹತ್ರ ಏಳೇ ಜನ ಇದಾರೆ. ಯಾವ ಡ್ರಮ್ಮಲ್ಲಿ ವಿಷ ಇದೆ ಅಂತ ಜನರ ಕಣ್ಮುಂದೆ ತೋರಿಸಿದ್ರೆ ಅದನ್ನಷ್ಟೇ ಸಾಗಿಸಬಹುದು. ನಿಮ್ಮ ಕೈಲಿ ಆಗುತ್ತಾ?"

"ಎರಡು ದಿನ ಕೊಡಿ," ಎಂದಳು.

ದಾರಿ ಅವಳಿಗೆ ವರ್ಷದ ಹಿಂದೆಯೇ ಹೊಳೆದಿತ್ತು, ಆಗಲಿ ನೋಡೋಣ ಎಂದು ಮುಂದೂಡಿದ್ದಳು. ಒಂದು ಉಂಗುರದ ಬದಲು ಎರಡು ಬೇಕು. ದೊಡ್ಡದು ನಿಧಾನಕ್ಕೆ ಮಿಡಿಯುವುದು, ಸಣ್ಣದು ಅದರ ನಾಲ್ಕರಷ್ಟು ವೇಗದ್ದು. ನೀರು ಎರಡನ್ನೂ ಕೆಳಕ್ಕೆ ಎಳೆಯುತ್ತದೆ. ಮೆಥನಾಲ್ ದೊಡ್ಡದನ್ನು ಎಳೆದರೂ ವೇಗದ ಉಂಗುರದಲ್ಲಿ ಕೈಸೋಲುತ್ತದೆ. ಪಕ್ಕದಲ್ಲಿ ಅಂಥದೇ ಇನ್ನೊಂದು ಜೋಡಿ ಮಾಡಿ ಅದಕ್ಕೆ ಶುದ್ಧ ಸ್ಪಿರಿಟ್ ಹಾಕಿಟ್ಟು ಎರಡರ ವ್ಯತ್ಯಾಸ ನೋಡಿದರೆ ಶಾಖದ ಕಾಟವೂ ತಪ್ಪುತ್ತದೆ. ಎಲ್ಲಕ್ಕಿಂತ ಮುಖ್ಯ, ಹನಿಯನ್ನು ಉಂಗುರದ ಮೇಲೆ ಬಿಡಬಾರದು. ಉಂಗುರದ ಬಾಯಲ್ಲಿ, ಬಲವೆಲ್ಲ ಒತ್ತಿಕೊಂಡಿರುವ ಜಾಗದಲ್ಲೇ, ಹಲಗೆಯನ್ನು ಕೊರೆದು ಅರ್ಧ ಮಿಲಿಮೀಟರಿನ ಕಾಲುವೆ ಮಾಡಿ ಅದರೊಳಗೆ ಹರಿಸಬೇಕು. ಆಗ ಹನಿಗೆ ತಾಗುವುದು ಚೂರುಪಾರಲ್ಲ, ಪೂರ್ತಿ ಬಲ.

ತಾಮ್ರ ಕೊರೆಯುವ ದ್ರಾವಣದಲ್ಲಿ ಹಲಗೆ ಅದ್ದಿ ಉಂಗುರಗಳನ್ನು ಎಡಗೈಯಲ್ಲೇ ಮಾಡಿಕೊಂಡಳು. ಕಾಲುವೆ ಮಾತ್ರ ಆಗಲಿಲ್ಲ. ನಾಲ್ಕು ಹಲಗೆ ಹಾಳಾದವು. ಕೂದಲೆಳೆ ತಪ್ಪಿದರೂ ಉಳಿ ತಾಮ್ರವನ್ನೇ ಸೀಳುತ್ತಿತ್ತು. ಅಂಥ ಕೈಯಿರುವವರು ಯಾರೆಂದು ಯೋಚಿಸುತ್ತ ಕೂತವಳು ಎದ್ದು ಚಪ್ಪಲಿ ಮೆಟ್ಟಿಕೊಂಡಳು.

ಬಡಗಿಯ ಅಂಗಡಿಯ ಗೋಡೆಯ ಮೇಲೆ ಮರದೊಳಗೆ ಮರ ಕೂರಿಸಿ ಮಾಡಿದ ಹಕ್ಕಿಗಳಿದ್ದವು, ಗರಿಯೊಂದೊಂದೂ ದಾರದಷ್ಟು ತೆಳು. ಅವನು ಪಕ್ಕೆಗೆ ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದ. ಮುಖ ಕುಂಬಳಕಾಯಿಯಂತೆ ಊದಿತ್ತು. ಅವಳನ್ನು ಕಂಡದ್ದೇ ಕೈಗೆ ಸಿಕ್ಕ ಉಳಿ ಎಸೆದ. ಅದು ಅವಳ ಕಿವಿಯ ಪಕ್ಕ ಬಾಗಿಲಿಗೆ ನಾಟಿ ನಡುಗಿತು.

"ಗೂಳಿಯನ್ನ ಕಳಿಸಿದ್ದು ಸಾಲದು ಅಂತ ನೀನೂ ಬಂದ್ಯಾ?"

"ಕಳಿಸಿದ್ದು ನಾನಲ್ಲ. ಆದರೂ ಅವನು ನನ್ನ ತಮ್ಮನೇ." ಅವಳು ಹಲಗೆಯನ್ನು ಮೇಜಿನ ಮೇಲಿಟ್ಟಳು. "ಇದರಲ್ಲಿ ಇಲ್ಲಿಂದ ಇಲ್ಲಿಗೆ ಒಂದು ಗೀರು ಕೊರೀಬೇಕು. ಅರ್ಧ ಮಿಲಿಮೀಟರ್ ಅಗಲ. ತಾಮ್ರ ಮುಟ್ಟಬಾರದು. ನನ್ನ ಕೈಲಿ ಆಗ್ತಿಲ್ಲ. ಕೈ ಮುರಿದವರು ನೀವು, ನಿಮ್ಮ ಕೈ ಕೊಡಿ."

"ಬಾಯಲ್ಲಿ ಹಲ್ಲಿದ್ದಿದ್ರೆ ನಗ್ತಿದ್ದೆ," ಎಂದ ಅವನು. ಹೊರಗೆ ದೂಡಲು ಎದ್ದ. ಆಮೇಲೆ ಹಲಗೆಯನ್ನು ನೋಡಿದ, ಬೆಳಕಿಗೆ ಹಿಡಿದ. "ಇದರಿಂದ ಏನು ಗೊತ್ತಾಗುತ್ತೆ?"

"ವಿಷ ಯಾವುದರಲ್ಲಿದೆ, ಎಲ್ಲಿಂದ ಬಂತು ಅಂತ."

"ಯಾರು ಹಾಕಿದ್ರು ಅಂತ?"

"ಅದೂ ಗೊತ್ತಾಗಬಹುದು."

"ಅವನು ನನಗೆ ಬೇಕು," ಎಂದು ಬಡಗಿ ಕಿರುಬೆರಳಿಗಿಂತ ಸಣ್ಣದೊಂದು ಉಳಿಯನ್ನು ಕಲ್ಲಿಗೆ ಉಜ್ಜತೊಡಗಿದ. ಉಸಿರೆಳೆದಾಗಲೆಲ್ಲ ಪಕ್ಕೆ ಹಿಡಿದು ಹಲ್ಲು ಹೋದ ಬಾಯಿ ಬಿಗಿಯುತ್ತಿದ್ದ. ಕೈ ಮಾತ್ರ ಅಲುಗಲಿಲ್ಲ. ಎರಡು ಗಂಟೆ ಹಿಡಿಯಿತು. ಕಾಲುವೆಗಳು ರೇಷ್ಮೆಯ ಎಳೆಯಂತೆ ನೇರ ಬಂದವು. ಅವಳು ಚೆನ್ನಾಗಿದೆ ಎಂದಾಗ ಅವನು ಬಾಗಿಲ ಕಡೆ ಕೈ ತೋರಿಸಿದ, ಹೋಗು ಎಂದು.

ಮೂರನೇ ದಿನ ಹತ್ತು ಗಂಟೆಗೆ ಮಳಿಗೆಯ ಅಂಗಳದಲ್ಲಿ ಮೇಜು ಹಾಕಿದರು. ಒಡೆದ ಪರದೆಯ ಯಂತ್ರ ಇನ್ನೂ ಕೆಲಸ ಮಾಡುತ್ತಿತ್ತು. ಗೇಟಿನಾಚೆ ಕಲ್ಲು, ಸಲಾಕೆ ಹಿಡಿದ ಜನ. ಮುಂದೆ ಬಡಗಿ. ಅಕ್ಕನ ಬೆನ್ನಿಗೆ ಮರಿ, ಯಾರು ಮುಟ್ಟುತ್ತಾರೋ ನೋಡೋಣ ಎಂಬಂತೆ ತೋಳು ಕಟ್ಟಿ ನಿಂತಿದ್ದ. ಮಳಿಗೆಯ ಯಜಮಾನ ಬೆವರು ಒರೆಸಿಕೊಳ್ಳುತ್ತ ಅವಳ ಹಳೆಯ ವರದಿಯನ್ನೇ ಕೈಯಲ್ಲಿ ಬೀಸುತ್ತಿದ್ದ.

ಇಪ್ಪತ್ತನಾಲ್ಕು ಡ್ರಮ್ಮುಗಳು ಒಂದರ ಹಿಂದೊಂದು ಶುದ್ಧವೆಂದು ಬಂದವು. ಜನ ಗೊಣಗತೊಡಗಿದರು. ಇಪ್ಪತ್ತೆಂಟನೇ ನಂಬರಿನದಕ್ಕೆ ದೊಡ್ಡ ಉಂಗುರದ ಗೆರೆ ದಡಕ್ಕನೆ ಕುಸಿಯಿತು. ಸಣ್ಣದು ಅಷ್ಟಾಗಿ ಅಲುಗಲಿಲ್ಲ. ಅವಳು ಕಾಲುವೆ ತೊಳೆದು ಇನ್ನೊಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು. ಅದೇ.

"ಇದರಲ್ಲಿ ವಿಷ ಇದೆ. ನೂರಕ್ಕೆ ಹನ್ನೆರಡು ಪಾಲು."

"ಸುಳ್ಳು!" ಯಜಮಾನ ಕಿರುಚಿದ. "ಇದೇ ಡ್ರಮ್ಮು ಶುದ್ಧ ಅಂತ ಬರೆದುಕೊಟ್ಟಿದ್ದು ನೀನೇ ಅಲ್ವೇನಮ್ಮಾ? ನಿನ್ನ ಕಾಗದ ನಂಬಿ ಬಾಟಲಿಗೆ ತುಂಬಿಸಿದ್ದು ನಾನು! ನಾನೇನು ಕೊಲೆಗಾರನಾ? ನೋಡ್ರೋ, ಎಲ್ಲರೂ ನೋಡ್ರೋ!" ಎಂದವನೇ ಗಾಜಿನ ಲೋಟವನ್ನು ಡ್ರಮ್ಮಿಗೆ ಅದ್ದಿ ಬಾಯಿಗೆತ್ತಿದ.

"ಕುಡೀಲಿ ಬಿಡಿ!" ಎಂದು ಬಡಗಿ ಗೇಟು ಹಾರಿ ಒಳಗೆ ಬಂದ. "ಯಾರೂ ತಡೀಬೇಡಿ! ಕುಡೀಲಿ!"

ಜನರೆಲ್ಲ ಅದನ್ನೇ ಕೂಗಿದರು. ಲೋಟ ತುಟಿಗೆ ತಾಗಿತ್ತು. ಅಕ್ಕ ಪ್ಲಾಸ್ಟರ್ ಹಾಕಿದ ಕೈಯನ್ನೇ ಬೀಸಿದಳು. ಲೋಟ ಒಡೆಯಿತು, ಯಜಮಾನನ ತುಟಿ ಸೀಳಿತು, ಅವಳ ಕೈಯೊಳಗೆ ಕೂಡುತ್ತಿದ್ದ ಮೂಳೆ ಮತ್ತೆ ಕಳಚಿತು. ನೋವಿಗೆ ಮೊಣಕಾಲೂರಿದಳು. ಬಡಗಿ ಅವಳ ಕುತ್ತಿಗೆ ಹಿಡಿದ. "ಅವನನ್ನ ಯಾಕೆ ಉಳಿಸಿದೆ? ನನ್ ತಮ್ಮನ ಲೋಟ ತಟ್ಟೋಕೆ ಯಾರಿದ್ರು?" ಮರಿ ಹಿಂದಿನಿಂದ ಬಂದು ಬಡಗಿಯ ಮುರಿದ ಪಕ್ಕೆಗೇ ಗುದ್ದಿದ. ಗೇಟು ಮುರಿಯಿತು. ಕಲ್ಲುಗಳು ಬಿದ್ದವು. ಒಂದು ಕಲ್ಲು ಯಜಮಾನನ ಹಣೆ ಒಡೆಯಿತು, ಇನ್ನೊಂದು ಪೊಲೀಸಿನವನ ದವಡೆಗೆ ಬಿತ್ತು. ಇನ್ಸ್‌ಪೆಕ್ಟರ್ ಆಕಾಶಕ್ಕೆ ಗುಂಡು ಹಾರಿಸಿದ ಮೇಲೆಯೇ ಜನ ಹಿಂದೆ ಸರಿದದ್ದು.

ಅವಳು ಎದ್ದು ಎಡಗೈಯಲ್ಲೇ ಅಳತೆ ಮುಂದುವರಿಸಿದಳು. ಇಪ್ಪತ್ತೊಂಬತ್ತು, ವಿಷ. ಮೂವತ್ತು, ವಿಷ. ಮೂವತ್ತಾರರವರೆಗೂ ವಿಷ. ಮೂವತ್ತೇಳರಿಂದ ನಲವತ್ತೆಂಟರವರೆಗೆ ಮತ್ತೆ ಶುದ್ಧ. ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು ಖಾಲಿ. ಊರು ಕುಡಿದದ್ದು ಅವುಗಳನ್ನೇ.

"ಹನ್ನೆರಡೇ ಡ್ರಮ್ಮು, ಅದೂ ಒಟ್ಟಿಗೆ," ಎಂದಳು. "ಇವನ್ನ ಹೇಗೆ ತುಂಬಿಸ್ತೀರಿ?"

ಯಜಮಾನ ರಕ್ತ ಒರೆಸಿಕೊಳ್ಳುತ್ತ, "ಟ್ಯಾಂಕರಿನಲ್ಲಿ ನಾಲ್ಕು ಕೋಣೆ. ಒಂದೊಂದಕ್ಕೆ ಹನ್ನೆರಡು. ಇದು ಮೂರನೇ ಕೋಣೆದು," ಎಂದ. ಹಾಗೆನ್ನುತ್ತಿದ್ದಂತೆ ಅವನಿಗೇ ಅರ್ಥವಾಯಿತು. "ವಿಷ ಟ್ಯಾಂಕರಿನಲ್ಲೇ ಇತ್ತು! ಗೇಟಿನ ಪುಸ್ತಕ ತನ್ನಿ!" ಪುಸ್ತಕ ಬಂತು. ಅಂದು ಬಂದ ಟ್ಯಾಂಕರಿನ ನಂಬರನ್ನು ಗಟ್ಟಿಯಾಗಿ ಓದಿದ. "ಯಾರದ್ದಿದು? ಕಂಪನಿಗೆ ಫೋನ್ ಮಾಡಿ ಕೇಳಬೇಕು."

ಕೇಳಬೇಕಾಗಿರಲಿಲ್ಲ. ಆ ನಂಬರು ವಾರಕ್ಕೆ ಮೂರು ದಿನ ಅವಳ ಮನೆಯ ಎದುರೇ ನಿಂತಿರುತ್ತಿತ್ತು. ಅವಳು ತಿರುಗಿದಳು. ಮರಿಯ ತೋಳುಗಳು ಕೆಳಗಿಳಿದಿದ್ದವು. ಮುಖದಲ್ಲಿ ರಕ್ತವೇ ಇರಲಿಲ್ಲ. ಯಾರಿಗೂ ಕಾಣದಷ್ಟು ಸಣ್ಣಗೆ ಅವನು ತಲೆಯಾಡಿಸಿದ, ಬೇಡ ಎಂದು.

ಸುಮ್ಮನಿದ್ದರೆ ಇನ್ನೊಂದು ಗಂಟೆ, ಹೆಚ್ಚೆಂದರೆ ಒಂದು ದಿನ. ಅಷ್ಟರಲ್ಲಿ ಅವನು ಊರು ಬಿಡಬಹುದಿತ್ತು.

"ಮರಿ," ಎಂದಳು, "ಮೂರನೇ ಕೋಣೇಲಿ ಮುಂಚೆ ಏನಿತ್ತು?"

"ಅಕ್ಕಾ..."

"ಏನಿತ್ತು ಹೇಳೋ."

"ಪೇಂಟ್ ಫ್ಯಾಕ್ಟರಿಗೆ ಹೋಗಿದ್ದ ಮೆಥನಾಲು. ಅವರ ಟ್ಯಾಂಕ್ ತುಂಬಿಹೋಯ್ತು, ಸ್ವಲ್ಪ ಉಳೀತು. ತೊಳೆಸೋಕೆ ಅಂತ ಹೋದ್ರೆ ಮುಂದೆ ಹನ್ನೊಂದು ಗಾಡಿ ಸಾಲು ನಿಂತಿದ್ವು. ನನಗೆ ನಿದ್ದೆ ಇಲ್ದೆ ಎರಡು ದಿನ ಆಗಿತ್ತು. ಅದೂ ಸ್ಪಿರಿಟ್ಟು, ಇದೂ ಸ್ಪಿರಿಟ್ಟು, ಏನಾಗುತ್ತೆ ಅಂದ್ಕೊಂಡೆ. ಜನ ಸತ್ತ ಮೇಲೂ ಅದೇ ಇರಲಾರದು ಅಂತ ನನಗೆ ನಾನೇ ಹೇಳ್ಕೊಂಡೆ ಅಕ್ಕಾ."

ಬಡಗಿ ಡ್ರಮ್ಮಿನ ಮುಚ್ಚಳ ತೆಗೆಯುವ ಉದ್ದನೆ ಕಬ್ಬಿಣದ ಪಾನಾ ಕೈಗೆತ್ತಿಕೊಂಡು ನಡೆದುಬಂದ. ಮರಿ ಓಡಲು ಎರಡು ಹೆಜ್ಜೆ ಇಟ್ಟ. ಪಾನಾ ಮೊಣಕಾಲಿಗೆ ಬಿತ್ತು. ಕಾಲು ಪಕ್ಕಕ್ಕೆ ಮಡಚಿ ಆ ಭಾರೀ ದೇಹ ಮೂಟೆಯಂತೆ ಕುಸಿಯಿತು. ಎರಡನೇ ಏಟೂ ಅದೇ ಮೊಣಕಾಲಿಗೆ. ಮೂರನೆಯದಕ್ಕೆ ತಲೆಯ ಮೇಲೆ ಎತ್ತಿದಾಗ ಅಕ್ಕ ತಮ್ಮನ ಮೇಲೆ ಬೋರಲು ಬಿದ್ದಳು. ಅವಳ ಬೆನ್ನಿಗೆ ಯಾರೋ ಒದ್ದರು, ಇನ್ಯಾರೋ ಕೂದಲು ಹಿಡಿದೆಳೆದರು. ಅವಳು ಬಿಡಲಿಲ್ಲ. ಕೆಳಗೆ ಮರಿ ಚಿಕ್ಕಂದಿನಲ್ಲಿ ಜ್ವರ ಬಂದಾಗ ನರಳುತ್ತಿದ್ದಂತೆಯೇ ನರಳುತ್ತಿದ್ದ.

"ಏಳು!" ಎಂದ ಬಡಗಿ. ಪಾನಾ ಮೇಲೆಯೇ ಇತ್ತು. "ಏಳಮ್ಮಾ, ಏಳು!"

"ಏಳಲ್ಲ. ಹೊಡೆಯೋದಾದ್ರೆ ಹೊಡೀರಿ."

ಅವನು ಹೊಡೆಯುತ್ತಿದ್ದನೇನೋ. ಯಾರೂ ಹೇಳಲಾರರು. ನಾಲ್ಕು ಜನ ಪೊಲೀಸರು ಒಟ್ಟಿಗೆ ಬಿದ್ದು ಅವನನ್ನು ಕೆಡವಿದರು.

ಹೇಳಿಕೆ ಬರೆಸುವಾಗ ಅಕ್ಕ ತನ್ನ ಸಹಿಯಿಂದಲೇ ಶುರುಮಾಡಿದಳು. ಯಾವ ದಿನ ಏನು ಕಂಡೆ, ಏನೆಂದು ಬರೆದೆ, ಏನನ್ನು ವರ್ಷದಿಂದ ಮುಂದೂಡಿದ್ದೆ, ಎಲ್ಲ. ಆಮೇಲೆ ತಮ್ಮನದು, ಅವನು ಬಡಗಿಯ ಅಂಗಡಿಯಲ್ಲಿ ಮಾಡಿದ್ದೂ ಸೇರಿ. ಬಡಗಿ ತನ್ನ ಕೈ ಮುರಿದದ್ದನ್ನೂ ಬಿಡಲಿಲ್ಲ. ವಕೀಲರು ತಲೆ ಚಚ್ಚಿಕೊಂಡರು. ಅವಳ ಪರವಾನಗಿ ಎರಡು ವರ್ಷ ಹೋಯಿತು. ಬಡಗಿಗೆ ಎಂಟು ತಿಂಗಳು, ಮರಿಗೆ ಏಳು ವರ್ಷ. ಹನ್ನೆರಡು ಡ್ರಮ್ಮುಗಳಲ್ಲಿ ಉಳಿದಿದ್ದ ಒಂಬತ್ತನ್ನು ಊರಾಚೆ ಸಾಗಿಸಿ ಸುಟ್ಟರು. ಬೀದಿ ಉಳಿಯಿತು. ಸತ್ತವರ ಸಂಖ್ಯೆ ಹನ್ನೊಂದಕ್ಕೆ ನಿಂತಿತು.

ಬಡಗಿ ಜೈಲಿನಿಂದ ಬಂದ ಮೇಲೆ ಒಮ್ಮೆ ಬೀದಿಯಲ್ಲಿ ಎದುರಾದ. ಅವಳು ನಿಂತಳು. ಅವನು ನಿಲ್ಲಲಿಲ್ಲ, ತಲೆ ತಗ್ಗಿಸಲೂ ಇಲ್ಲ. ಅವಳ ಮುಖವನ್ನು ನೇರ ನೋಡಿಕೊಂಡೇ ದಾಟಿಹೋದ.

ಅಮ್ಮ ಮೂರು ತಿಂಗಳು ಅವಳೊಂದಿಗೆ ಮಾತಾಡಲಿಲ್ಲ. ಊಟ ಬಡಿಸುವಳು, ತಟ್ಟೆ ಕುಕ್ಕಿ ಹೋಗುವಳು. ಒಂದು ದಿನ ಕುಕ್ಕಿ, ಅಲ್ಲೇ ಕೂತು, "ನೀನು ಕೇಳದೇ ಇದ್ದಿದ್ರೆ ಆಗ್ತಿರ್ಲಿಲ್ವೇನೇ?" ಎಂದಳು. "ಆಗ್ತಿತ್ತಮ್ಮ," ಎಂದಳು ಅಕ್ಕ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಎಂದಿನಂತೆ ಇನ್ನೊಂದು ಸೌಟು ಸಾರು ಬಡಿಸಿದಳು.

ಮರಿ ಮಾತ್ರ ಅವಳನ್ನು ನೋಡಲು ಒಪ್ಪಲಿಲ್ಲ. ತಿಂಗಳಿಗೊಮ್ಮೆ ಹೋಗುವಳು, ಜೈಲಿನ ಬೆಂಚಿನ ಮೇಲೆ ಕೂರುವಳು, ಬರಲ್ಲವಂತೆ ಎಂದು ಪೇದೆ ಹೇಳಿದ ಮೇಲೆ ಎದ್ದು ಬಸ್ಸು ಹಿಡಿಯುವಳು. ಹನ್ನೊಂದು ತಿಂಗಳು ಹೀಗೇ. ಹನ್ನೆರಡನೆಯ ತಿಂಗಳು ಅವನು ಬಂದ. ಕಾಲೆಳೆಯುತ್ತ ಬಂದು ಜಾಲರಿಯಾಚೆ ಕೂತ. ಗೋಡೆ ನೋಡಿಕೊಂಡೇ ಕೇಳಿದ.

"ಅಮ್ಮನ ಸೊಂಟ ಹೇಗಿದೆ?"

"ಹಾಗೇ ಇದೆ. ಮೆಟ್ಟಿಲು ಹತ್ತೋಕೆ ಆಗಲ್ಲ."

"ನಿನ್ನ ಬೆರಳು?"

"ಒಂದು ಮಡಚುತ್ತೆ. ಒಂದು ಇಲ್ಲ."

ಸಮಯ ಆಯಿತೆಂದು ಪೇದೆ ಬಾಗಿಲು ಬಡಿದ. ಮರಿ ಜಾಲರಿ ಹಿಡಿದು ಕಷ್ಟಪಟ್ಟು ಎದ್ದ.

"ಬರೋ ತಿಂಗಳು ಬಂದ್ರೆ ಒಂದು ಸ್ವೆಟರ್ ತಗೊಂಡು ಬಾ," ಎಂದ. "ಇಲ್ಲಿ ನೆಲ ತಣ್ಣಗಿರುತ್ತೆ."

ಬಸ್ಸಿಳಿದು ಅವಳು ನೇರ ಬಟ್ಟೆಯಂಗಡಿಗೆ ಹೋದಳು. ಯಾವ ಸೈಜು ಎಂದು ಅಂಗಡಿಯವನು ಕೇಳಿದ. ಮೊದಲೆಲ್ಲ ಮರಿಗೆ ಅಂಗಡಿಯಲ್ಲಿರುವುದರಲ್ಲೇ ಅತಿ ದೊಡ್ಡದು ಬೇಕಾಗುತ್ತಿತ್ತು. ಈಗ ಅವನು ಬಹಳ ಇಳಿದುಹೋಗಿದ್ದ. ಅವಳು ಎರಡು ಸೈಜಿನದನ್ನೂ ಕಟ್ಟಿಸಿಕೊಂಡಳು.